ಕರೆಂಟ್ ಆಫೀಸಿನಿಂದ ಆಮೆಯ ಬೆನ್ನಿಗೆ

ಡಿಸ್ಕ್‌ವರ್ಲ್ಡ್ ಅನ್ನೋ ಫ್ಯಾಂಟಸಿ ಕಾದಂಬರಿ ಸರಣಿ ಬರೆದ ಇಂಗ್ಲೆಂಡಿನ ಲೇಖಕ ಟೆರ್ರಿ ಪ್ರಾಚೆಟ್ ಬಗ್ಗೆ ಬರೆಯುವವರೆಲ್ಲ ಆಮೆಯಿಂದ ಶುರು ಮಾಡುತ್ತಾರೆ. ನಾನು ಕರೆಂಟ್ ಆಫೀಸಿನಿಂದ ಶುರು ಮಾಡುತ್ತೇನೆ.

1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತ ಆಯಿತು. ಅಣು ಅಂದರೇ ಜನ ಬೆಚ್ಚುತ್ತಿದ್ದ ಕಾಲ. ಅದಾಗಿ ಸ್ವಲ್ಪ ದಿನಕ್ಕೇ ಇಂಗ್ಲೆಂಡಿನ ಪಶ್ಚಿಮದ ಕಡೆ ಒಬ್ಬ ಪತ್ರಕರ್ತ ಪೇಪರ್ ಕೆಲಸ ಬಿಟ್ಟು ಅಲ್ಲಿನ ಸರ್ಕಾರಿ ವಿದ್ಯುತ್ ಮಂಡಳಿಗೆ ಪ್ರೆಸ್ ಆಫೀಸರ್ ಆಗಿ ಸೇರಿಕೊಂಡ. ಸೆಂಟ್ರಲ್ ಎಲೆಕ್ಟ್ರಿಸಿಟಿ ಜನರೇಟಿಂಗ್ ಬೋರ್ಡ್ ಅಂತ ಅದರ ಹೆಸರು, ನಮ್ಮ ಹಳೇ ಕೆಇಬಿ ಥರ ಅಂದುಕೊಳ್ಳಿ. ಅವನ ಪಾಲಿಗೆ ಬಂದ ಪ್ರದೇಶದಲ್ಲಿ ಅಣು ಸ್ಥಾವರ ಒಂದಲ್ಲ, ಹಲವು. ಎಲ್ಲೋ ಏನೋ ಸೋರಿತು ಅಂತ ಸುದ್ದಿ ಎದ್ದರೆ ಪೇಪರಿನವರು ಫೋನ್ ಮಾಡುವುದು ಇವನಿಗೇ. ಕೆಲಸ ಬದಲಾಯಿಸೋಕೆ ಎಂಥ ಮುಹೂರ್ತ ಹುಡುಕಿದೆ ನೋಡಿ ಅಂತ ಆಮೇಲೆ ಅವನೇ ನಗುತ್ತಿದ್ದ. ಅಲ್ಲಿ ಕಂಡದ್ದನ್ನು ಪುಸ್ತಕ ಮಾಡಬಹುದಿತ್ತು, ಆದರೆ ಯಾರೂ ನಂಬೋದಿಲ್ಲ ಅಂತಲೂ ಹೇಳಿಕೊಂಡಿದ್ದಾನೆ.

ಹಾಗಾಗಿ ನಂಬುವಂಥದ್ದನ್ನೇ ಬರೆದ. ಆಕಾಶದಲ್ಲಿ ಈಜುವ ಒಂದು ದೊಡ್ಡ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಬೆನ್ನ ಮೇಲೆ ತಟ್ಟೆಯಂತೆ ಚಪ್ಪಟೆ ಭೂಮಿ.

(ಏಕವಚನದಲ್ಲಿ ಬರೆಯುತ್ತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡಿ. ಸರ್ ಟೆರ್ರಿ ಅಂತಲೇ ಕರೆಯಬೇಕು, ರಾಣಿಯೇ ಬಿರುದು ಕೊಟ್ಟಿದ್ದಾರೆ. ಆದರೆ ಇಷ್ಟು ಪುಸ್ತಕ ಓದಿದ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ.)

ನಮಗೆ ಈ ಆಮೆ ಆನೆ ಹೊಸದೇನಲ್ಲ. ಕೂರ್ಮಾವತಾರ ಗೊತ್ತು, ಎಂಟು ದಿಕ್ಕಿಗೆ ಎಂಟು ದಿಗ್ಗಜ ಗೊತ್ತು. ಭೂಮಿಯನ್ನು ಆನೆಗಳೂ ಆಮೆಯೂ ಹೊತ್ತಿವೆ ಅಂತ ಇಂಡಿಯಾದವರು ನಂಬುತ್ತಾರೆ ಅನ್ನೋ ಕಥೆ ಯುರೋಪಿನಲ್ಲಿ ನೂರಾರು ವರ್ಷದಿಂದ ಓಡಾಡುತ್ತಿತ್ತು. ಪ್ರಾಚೆಟ್ ಅದನ್ನು ಎತ್ತಿಕೊಂಡ, ನಾಲ್ಕು ಆನೆ ಇಟ್ಟುಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಹಿಂದೆ ಐದನೇ ಆನೆ ಒಂದಿತ್ತಂತೆ, ಅದು ಕಾಲು ಜಾರಿ ಬಿದ್ದುಹೋಯಿತಂತೆ ಅಂತ ಒಂದು ಐತಿಹ್ಯ ಕಟ್ಟಿ, ಅಷ್ಟು ದೊಡ್ಡ ಪ್ರಾಣಿ ನೆಲಕ್ಕೆ ಅಪ್ಪಳಿಸಿದ್ದರಿಂದಲೇ ಒಂದು ಸೀಮೆಯಲ್ಲಿ ಗಣಿ ತೋಡಿದರೆ ಕೊಬ್ಬು ಸಿಗುತ್ತೆ ಅಂತ ಮಾಡಿದ. ಆ ಕೊಬ್ಬಿನ ವ್ಯಾಪಾರ, ಅದಕ್ಕೊಂದು ರಾಜತಾಂತ್ರಿಕ ಒಪ್ಪಂದ, ಅದರ ಸುತ್ತ ಇಡೀ ಒಂದು ಕಾದಂಬರಿ.

ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ. ಇವನನ್ನು ಎಲ್ಲರೂ ಹಾಸ್ಯಗಾರ ಅಂತಾರೆ, ಕಲ್ಪನೆಯ ದೊರೆ ಅಂತಾರೆ. ನನಗೆ ಓದುತ್ತಾ ಓದುತ್ತಾ ಅನಿಸಿದ್ದು ಬೇರೆ. ಇವನು ಕೊನೆವರೆಗೂ ಜಿಲ್ಲಾ ಪೇಪರಿನ ವರದಿಗಾರನೇ. ಇಲ್ಲದ ಒಂದು ಊರಿಗೆ ಹೋಗಿ, ಅಲ್ಲಿ ನೀರು ಎಲ್ಲಿಂದ ಬರುತ್ತೆ, ಚರಂಡಿ ಎಲ್ಲಿಗೆ ಹೋಗುತ್ತೆ, ದುಡ್ಡು ಯಾರ ಜೇಬಿಗೆ ಸೇರುತ್ತೆ ಅಂತ ವಿಚಾರಿಸಿಕೊಂಡು ಬಂದು ಬರೆದ. ಹೊಸ ಲೋಕ ಕಟ್ಟುವಾಗ ಮೊದಲು ಕುಡಿಯೋ ನೀರು ಹೇಗೆ ಒಳಗೆ ಬರುತ್ತೆ, ಹೊಲಸು ಹೇಗೆ ಹೊರಗೆ ಹೋಗುತ್ತೆ ಅಂತ ಯೋಚಿಸಬೇಕು ಅಂತ ಅವನೇ ಹೇಳುತ್ತಿದ್ದ.

1948ರಲ್ಲಿ ಬೀಕನ್ಸ್‌ಫೀಲ್ಡ್ ಅನ್ನೋ ಊರಿನಲ್ಲಿ ಹುಟ್ಟಿದವನು. ಅಪ್ಪ ಮೆಕ್ಯಾನಿಕ್, ಅಮ್ಮ ಸೆಕ್ರೆಟರಿ, ಒಬ್ಬನೇ ಮಗ. ಸ್ಕೂಲಿನಲ್ಲಿ ಇವನು ಅಷ್ಟಕ್ಕಷ್ಟೇ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಅವನ ನಿಜವಾದ ಓದು ನಡೆದದ್ದು ಊರಿನ ಪಬ್ಲಿಕ್ ಲೈಬ್ರರಿಯಲ್ಲಿ. ಶನಿವಾರ ಅಲ್ಲೇ ಕೆಲಸಕ್ಕೂ ಹೋಗುತ್ತಿದ್ದ. ಆ ಋಣ ಹೇಗೆ ತೀರಿಸಿದ ಅಂದರೆ, ಅವನ ಮಾಯಾ ವಿಶ್ವವಿದ್ಯಾಲಯದ ಲೈಬ್ರರಿಯನ್ ಒಬ್ಬ ಒರಾಂಗುಟಾನ್. ಮೊದಲು ಮನುಷ್ಯನೇ, ಒಂದು ಮಂತ್ರ ಎಡವಟ್ಟಾಗಿ ಹಾಗಾದ. ವಾಪಸ್ ಮನುಷ್ಯನಾಗೋಕೆ ಸುತರಾಂ ಒಪ್ಪುವುದಿಲ್ಲ, ಯಾಕೆಂದರೆ ಉದ್ದ ಕೈ ಇದ್ದರೆ ಮೇಲಿನ ಕಪಾಟಿನ ಪುಸ್ತಕ ಸಲೀಸಾಗಿ ಸಿಗುತ್ತೆ. ತಮಾಷೆಗೆ ಹುಟ್ಟಿದ ಈ ಪಾತ್ರದಿಂದಾಗಿ ಪ್ರಾಚೆಟ್ ನಿಜವಾದ ಒರಾಂಗುಟಾನ್‌ಗಳನ್ನು ಉಳಿಸುವ ಸಂಸ್ಥೆಗೆ ಟ್ರಸ್ಟಿ ಆದ, ಬೋರ್ನಿಯೋ ಕಾಡಿಗೂ ಹೋಗಿ ಬಂದ.

ಹದಿಮೂರನೇ ವಯಸ್ಸಿಗೆ ಸ್ಕೂಲ್ ಮ್ಯಾಗಜಿನ್‌ನಲ್ಲಿ ಒಂದು ಕಥೆ ಬಂತು. ಆ ಕಥೆಯನ್ನೇ ಆಮೇಲೆ ಒಂದು ಪತ್ರಿಕೆಗೆ ಮಾರಿದ, 14 ಪೌಂಡ್ ಸಿಕ್ಕಿತು, ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟೈಪ್‌ರೈಟರ್ ತಗೊಂಡ. 1965ರಲ್ಲಿ, ಹದಿನೇಳಕ್ಕೆ, ಓದು ಬಿಟ್ಟು ಬಕ್ಸ್ ಫ್ರೀ ಪ್ರೆಸ್ ಅನ್ನೋ ಸ್ಥಳೀಯ ಪತ್ರಿಕೆಗೆ ಸೇರಿದ. ಕೆಲಸಕ್ಕೆ ಸೇರಿದ ಮೊದಲ ದಿನ, ಕೆಲವೇ ಗಂಟೆಯೊಳಗೆ, ಜೀವನದಲ್ಲೇ ಮೊದಲ ಹೆಣ ನೋಡಿದ. ಆ ಕಾಲದಲ್ಲಿ ಕೆಲಸದ ಅನುಭವ ಅಂದರೆ ನಿಜವಾಗಲೂ ಅನುಭವವೇ ಆಗಿತ್ತು ಅಂತ ಆಮೇಲೆ ಜೋಕ್ ಮಾಡುತ್ತಿದ್ದ. ಅದೇ ಪೇಪರಿನಲ್ಲಿ ಅಂಕಲ್ ಜಿಮ್ ಅನ್ನೋ ಹೆಸರಲ್ಲಿ ವಾರವಾರ ಮಕ್ಕಳ ಕಥೆ ಬರೆಯುವ ಕೆಲಸವೂ ಇವನ ತಲೆಗೇ ಬಿತ್ತು. ಮನಸ್ಸು ಬಂದಾಗ ಬರೀತೀನಿ ಅನ್ನೋ ಹಾಗಿಲ್ಲ. ಪುಟ ತುಂಬಬೇಕು, ಅಷ್ಟೇ. ಕೋರ್ಟು, ಪಂಚಾಯ್ತಿ ಮೀಟಿಂಗು, ಸಾವು ನೋವು, ಹೂವಿನ ಪ್ರದರ್ಶನ, ಎಲ್ಲದಕ್ಕೂ ಹೋಗಬೇಕು, ಹೆಸರು ತಪ್ಪಿಲ್ಲದೆ ಬರೆಯಬೇಕು, ಹೊತ್ತಿಗೆ ಸರಿಯಾಗಿ ಕೊಡಬೇಕು.

ಮೊದಲ ಪುಸ್ತಕ ಬಂದದ್ದು 1971ರಲ್ಲಿ, ಕೋಲಿನ್ ಸ್ಮೈತ್ ಅನ್ನೋ ಸಣ್ಣ ಪ್ರಕಾಶಕರಿಂದ. ರತ್ನಗಂಬಳಿಯ ಎಳೆಗಳ ನಡುವೆ ವಾಸ ಮಾಡುವ ಪುಟಾಣಿ ಜನರ ಕಥೆ. ಆಮೇಲೆ ಎರಡು ವೈಜ್ಞಾನಿಕ ಕಾದಂಬರಿ. ಯಾವುದೂ ದೊಡ್ಡ ಸದ್ದು ಮಾಡಲಿಲ್ಲ. ಹಗಲು ನೌಕರಿ, ರಾತ್ರಿ ಬರವಣಿಗೆ. ದಿನಕ್ಕೆ 400 ಪದ ಅಂತ ಲೆಕ್ಕ ಇಟ್ಟುಕೊಂಡಿದ್ದ. ಒಂದು ರಾತ್ರಿ ಕಾದಂಬರಿ ಮುಗಿದೇ ಹೋಯಿತಂತೆ, ಆದರೆ ಅವತ್ತಿನ ಲೆಕ್ಕಕ್ಕೆ ಇನ್ನೂ ನೂರು ಪದ ಬಾಕಿ. ಎದ್ದು ಹೋಗಿ ಮಲಗಿಕೊಳ್ಳಲಿಲ್ಲ. ಟೈಪ್‌ರೈಟರಿಗೆ ಹೊಸ ಹಾಳೆ ಹಾಕಿ ಮುಂದಿನ ಕಾದಂಬರಿಯ ಮೊದಲ ನೂರು ಪದ ಬರೆದ. ಸ್ಫೂರ್ತಿ ಬರಲಿ ಅಂತ ಕಾಯುವ ನಮ್ಮಂಥವರಿಗೆ ಇದನ್ನು ಓದಿದರೆ ಮೈ ಉರಿಯುತ್ತೆ.

1983ರಲ್ಲಿ ಡಿಸ್ಕ್‌ವರ್ಲ್ಡ್ ಸರಣಿಯ ಮೊದಲ ಪುಸ್ತಕ 'ದ ಕಲರ್ ಆಫ್ ಮ್ಯಾಜಿಕ್' ಬಂತು. ಇಂಗ್ಲೆಂಡಿನಲ್ಲಿ ಹಾರ್ಡ್‌ಬ್ಯಾಕ್ ಮಾರಾಟಕ್ಕೆ ಹೋದದ್ದು 506 ಪ್ರತಿ. ಕನ್ನಡದಲ್ಲಿ ಒಂದು ಕವನ ಸಂಕಲನ ಅಚ್ಚಾಗುವಷ್ಟು! ಆಮೇಲೆ ಬಿಬಿಸಿ ರೇಡಿಯೋದಲ್ಲಿ ಧಾರಾವಾಹಿಯಾಗಿ ಓದಿದರು, ಪೇಪರ್‌ಬ್ಯಾಕ್ ಬಂತು, ಜನ ಹುಡುಕಿಕೊಂಡು ಬಂದರು. 1987ರಲ್ಲಿ ನೌಕರಿ ಬಿಟ್ಟ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಲೇಖಕ ಇವನೇ. ಸಾಯುವ ಹೊತ್ತಿಗೆ 85 ಮಿಲಿಯನ್, ಅಂದರೆ ಎಂಟೂವರೆ ಕೋಟಿ ಪುಸ್ತಕ ಮಾರಾಟವಾಗಿದ್ದವು.

ಆ ಮೊದಲ ಪುಸ್ತಕ ಅಷ್ಟು ಚೆನ್ನಾಗಿಲ್ಲ. ಬೇರೆ ಫ್ಯಾಂಟಸಿಗಳನ್ನು ಗೇಲಿ ಮಾಡೋದೇ ಅದರ ಕೆಲಸ, ಆ ಗೇಲಿ ಅರ್ಥ ಆಗಬೇಕಾದರೆ ಆ ಫ್ಯಾಂಟಸಿಗಳನ್ನು ಓದಿರಬೇಕು. ಆದರೆ ಅದರಲ್ಲೂ ಒಂದು ಪ್ರಸಂಗ ಇದೆ. ಟೂಫ್ಲವರ್ ಅಂತ ಒಬ್ಬ ಪ್ರವಾಸಿ ಆಂಕ್-ಮೋರ್ಪೋರ್ಕ್ ಅನ್ನೋ ಕೊಳಕು ನಗರಕ್ಕೆ ಬರುತ್ತಾನೆ. ತನ್ನ ಊರಿನಲ್ಲಿ ಅವನು ಇನ್ಶೂರೆನ್ಸ್ ಗುಮಾಸ್ತ. ತಾನು ಇಳಿದುಕೊಂಡ ಹೋಟೆಲಿನ ಮಾಲೀಕನಿಗೆ ಬೆಂಕಿ ವಿಮೆ ಅಂದರೆ ಏನು ಅಂತ ಪಾಪ ಒಳ್ಳೆ ಮನಸ್ಸಿನಿಂದ ವಿವರಿಸುತ್ತಾನೆ. ಕಟ್ಟಡ ಸುಟ್ಟುಹೋದರೆ ದುಡ್ಡು ಬರುತ್ತೆ! ಮಾಲೀಕ ಇದನ್ನು ಕೇಳಿ ಪಾಲಿಸಿ ಮಾಡಿಸಿಕೊಳ್ಳುತ್ತಾನೆ. ಆಮೇಲೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಇಡೀ ಊರಿಗೆ ಬೆಂಕಿ ಬೀಳುತ್ತೆ. ಡ್ರ್ಯಾಗನ್ ಸುಟ್ಟ ಊರು ಫ್ಯಾಂಟಸಿಯಲ್ಲಿ ಬೇಕಾದಷ್ಟಿವೆ. ವಿಮೆ ಪಾಲಿಸಿಯಿಂದ ಸುಟ್ಟ ಊರು ಕಟ್ಟೋಕೆ ಜಿಲ್ಲಾ ಕೋರ್ಟಿನಲ್ಲಿ ಕೂತು ವರದಿ ಮಾಡಿರಬೇಕು.

(ಈ ಟೂಫ್ಲವರ್ ಕನ್ನಡಕ ಹಾಕುವವನು. ಊರಿನವರು ಅವನನ್ನು ನಾಲ್ಕು ಕಣ್ಣಿನವನು ಅನ್ನುತ್ತಾರೆ. ಮುಖಪುಟ ಬರೆದ ಜಾಶ್ ಕರ್ಬಿ ನಿಜವಾಗಲೂ ನಾಲ್ಕು ಕಣ್ಣು ಬಿಡಿಸಿಬಿಟ್ಟ. ಆ ಮುಖಪುಟದ ಪ್ರತಿಗಳು ಇನ್ನೂ ಓಡಾಡುತ್ತಿವೆ, ಸಿಕ್ಕರೆ ಬಿಡಬೇಡಿ.)

ಆಂಕ್-ಮೋರ್ಪೋರ್ಕ್ ಬಗ್ಗೆ ಇನ್ನೊಂದೆರಡು ಮಾತು. ಅಲ್ಲಿ ಕಳ್ಳರಿಗೂ ಒಂದು ಸಂಘ ಇದೆ. ಸರ್ಕಾರವೇ ಒಪ್ಪಿಕೊಂಡ ಸಂಘ. ವರ್ಷಕ್ಕೆ ಇಂತಿಷ್ಟು ಕಳ್ಳತನ ಅಂತ ಕೋಟಾ. ನಿಮ್ಮನ್ನು ದೋಚಿದ ಮೇಲೆ ರಸೀದಿ ಕೊಡುತ್ತಾರೆ, ರಸೀದಿ ತೋರಿಸಿದರೆ ಆ ವರ್ಷದ ಪಾಲಿನದು ಮುಗಿಯಿತು, ಮತ್ತೆ ಯಾರೂ ನಿಮ್ಮ ತಂಟೆಗೆ ಬರಲ್ಲ. ಸಂಘಕ್ಕೆ ಸೇರದೆ ಸ್ವಂತವಾಗಿ ಕದಿಯುವವನು ಸಿಕ್ಕಿಬಿದ್ದರೆ ಅವನ ಗತಿಯನ್ನು ಸಂಘದವರೇ ನೋಡಿಕೊಳ್ಳುತ್ತಾರೆ. ಈ ಏರ್ಪಾಡು ಮಾಡಿದವನು ವೆಟಿನಾರಿ, ಊರನ್ನು ಆಳುವವನು. ಒಳ್ಳೆಯವನಾ ಕೆಟ್ಟವನಾ ಅಂತ ಕೊನೆಗೂ ಗೊತ್ತಾಗಲ್ಲ. ಅವನ ಆಡಳಿತದಲ್ಲಿ ಕೆಲಸ ನಡೆಯುತ್ತೆ, ಅಷ್ಟು ಮಾತ್ರ ಗೊತ್ತಾಗುತ್ತೆ. ಓದುತ್ತಾ ನಗು ಬರುತ್ತೆ, ಆಮೇಲೆ ಯಾವುದೋ ಕಚೇರಿಯ ಕೌಂಟರ್ ನೆನಪಾಗಿ ನಗು ನಿಲ್ಲುತ್ತೆ.

ಈ ಊರಿನ ರಾತ್ರಿ ಪಹರೆಯ ಕ್ಯಾಪ್ಟನ್ ಸ್ಯಾಮ್ ವೈಮ್ಸ್. 1993ರ 'ಮೆನ್ ಅಟ್ ಆರ್ಮ್ಸ್' ಕಾದಂಬರಿಯಲ್ಲಿ ಅವನು ಬೂಟಿನ ಬಗ್ಗೆ ಯೋಚಿಸುವ ಒಂದು ಪ್ಯಾರಾ ಇದೆ. ಪ್ರಾಚೆಟ್‌ನ ಒಂದೇ ಒಂದು ಪುಟ ಓದುತ್ತೀನಿ ಅನ್ನುವವರು ಅದನ್ನು ಓದಿ. ವೈಮ್ಸ್ ಸಂಬಳ ತಿಂಗಳಿಗೆ 38 ಡಾಲರ್. ಒಳ್ಳೆ ಚರ್ಮದ ಬೂಟಿನ ಬೆಲೆ 50 ಡಾಲರ್, ಹತ್ತು ವರ್ಷ ಬಾಳಿಕೆ ಬರುತ್ತೆ. ಅವನ ಕೈಗೆಟುಕುವ ಬೂಟು 10 ಡಾಲರಿನದು. ಅದು ಒಂದೆರಡು ಸೀಸನ್ ಬಂದರೆ ಹೆಚ್ಚು, ಆಮೇಲೆ ಅಡಿ ಸವೆದು ನೀರು ಒಳಗೆ. ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಬಡವ ಬೂಟಿಗೆ ನೂರು ಡಾಲರ್ ಸುರಿದಿರುತ್ತಾನೆ, ಆದರೂ ಅವನ ಕಾಲು ಒದ್ದೆ. ಸಾಹುಕಾರ ಐವತ್ತಕ್ಕೇ ಮುಗಿಸಿರುತ್ತಾನೆ, ಅವನ ಕಾಲು ಒಣಗಿರುತ್ತೆ. ಸಾಹುಕಾರರು ಸಾಹುಕಾರರಾಗಿ ಉಳಿಯೋದು ಕಡಿಮೆ ಖರ್ಚು ಮಾಡೋದರಿಂದ ಅಂತ ವೈಮ್ಸ್ ತೀರ್ಮಾನ. ಬಡತನ ಅನ್ನೋದು ಎಷ್ಟು ದುಬಾರಿ ಅಂತ ಬಾಳಿ ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿತ್ತ ಚಪ್ಪಲಿಯನ್ನೇ ಹೊಲಿಸಿ ಹೊಲಿಸಿ ಹಾಕಿಕೊಂಡವರು, ಅಡ್ವಾನ್ಸ್ ಕೊಡೋಕಾಗದೆ ಜಾಸ್ತಿ ಬಾಡಿಗೆಯ ಮನೆಗೆ ಹೋದವರು, ಇವರಿಗೆಲ್ಲ ಗೊತ್ತಿರುವ ವಿಷಯ. ಆದರೆ ಕತ್ತಿ, ಮಂತ್ರ, ಡ್ರ್ಯಾಗನ್ ಇರುವ ಪುಸ್ತಕದಲ್ಲಿ ಇದನ್ನು ಅಣಾ ಪೈಸೆ ಸಮೇತ ಬರೆದಿಟ್ಟವನು ಇವನು. 2022ರಲ್ಲಿ, ಕಡಿಮೆ ಖರ್ಚಿನ ಅಡುಗೆ ಬಗ್ಗೆ ಬರೆಯುವ ಬ್ರಿಟನ್ನಿನ ಜ್ಯಾಕ್ ಮನ್ರೋ ಅಗ್ಗದ ದಿನಸಿಯ ಬೆಲೆ ಏರಿಕೆ ಅಳೆಯೋಕೆ ಒಂದು ಸೂಚ್ಯಂಕ ಮಾಡಲು ಹೊರಟಾಗ, ಪ್ರಾಚೆಟ್ ಕುಟುಂಬದವರ ಒಪ್ಪಿಗೆಯಿಂದಲೇ ಅದಕ್ಕೆ ವೈಮ್ಸ್ ಬೂಟಿನ ಹೆಸರಿಟ್ಟರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾತ್ರ ವೈಮ್ಸ್ ಅಲ್ಲ, ಟಿಫನಿ ಏಕಿಂಗ್. 2003ರ 'ದ ವೀ ಫ್ರೀ ಮೆನ್' ಮಕ್ಕಳ ಪುಸ್ತಕ ಅಂತ ಬಂತು. ಟಿಫನಿಗೆ ಒಂಬತ್ತು ವರ್ಷ. ಕುರಿ ಸಾಕುವ ಮನೆ, ಇವಳದು ಬೆಣ್ಣೆ ಚೀಸ್ ಮಾಡುವ ಕೆಲಸ. ಒಂದು ದಿನ ಹೊಳೆಯಿಂದ ಹಸಿರು ರಾಕ್ಷಸಿಯೊಬ್ಬಳು ತಲೆ ಎತ್ತುತ್ತಾಳೆ. ಟಿಫನಿ ಮನೆಗೆ ಓಡುತ್ತಾಳೆ, ಹೆದರಿ ಅಲ್ಲ. ಮನೆಯಲ್ಲಿ ಒಂದು ಹಳೇ ಕಥೆ ಪುಸ್ತಕ ಇದೆ, ಅದರಲ್ಲಿ ಈ ರಾಕ್ಷಸಿಯ ಕಣ್ಣು ಸೂಪ್ ತಟ್ಟೆಯಷ್ಟು ದೊಡ್ಡದು ಅಂತ ಬರೆದಿದೆ. ಅಡುಗೆಮನೆಗೆ ಹೋಗಿ ಸೂಪ್ ತಟ್ಟೆಯನ್ನು ಅಳೆಯುತ್ತಾಳೆ. ಎಂಟು ಇಂಚು. ಸರಿ, ಅದೇ ರಾಕ್ಷಸಿ. ಆಮೇಲೆ ದೊಡ್ಡದೊಂದು ಕಬ್ಬಿಣದ ಬಾಣಲೆ ಎತ್ತಿಕೊಂಡು, ತಮ್ಮನಿಗೆ ಮಿಠಾಯಿ ಆಸೆ ತೋರಿಸಿ ಹೊಳೆ ದಡದಲ್ಲಿ ಕೂರಿಸಿ, ಅವನನ್ನೇ ಗಾಳಕ್ಕೆ ಎರೆಯಾಗಿಟ್ಟು, ರಾಕ್ಷಸಿ ಮೇಲೆದ್ದ ಕೂಡಲೇ ಬಾರಿಸುತ್ತಾಳೆ.

ಈ ಹುಡುಗಿಗೆ ಕಥೆಗಳ ಮೇಲೆ ಒಂದು ಸಿಟ್ಟಿದೆ. ಕಥೆಯಲ್ಲಿ ಮುದುಕಿ ಬಂದರೆ ಅವಳು ಮಾಟಗಾತಿ ಅಂತ ಯಾಕೆ ಅಂದುಕೊಳ್ಳಬೇಕು? ಹಲ್ಲು ಬಿದ್ದದ್ದಕ್ಕಾ? ಒಬ್ಬಳೇ ಇದ್ದಾಳೆ ಅಂತಲಾ? ಅವರ ಊರಿನಲ್ಲಿ ಹಾಗೇ ಒಬ್ಬಳು ಮುದುಕಿ ಇದ್ದಳು. ಊರ ಗೌಡನಂಥ ಬ್ಯಾರನ್‌ನ ಮಗ ಕಾಣೆಯಾದ. ಜನ ಆ ಮುದುಕಿ ಮೇಲೆ ಗುಮಾನಿ ಪಟ್ಟು ಮನೆ ಹಾಳು ಮಾಡಿ ಓಡಿಸಿದರು. ಅವಳು ಚಳಿಗಾಲದಲ್ಲಿ ಹಿಮದಲ್ಲಿ ಸತ್ತಳು. ಪಾಪ, ಅವಳಿಗೆ ಯಾವ ಮಾಟವೂ ಗೊತ್ತಿರಲಿಲ್ಲ. ಟಿಫನಿ ತಾನೇ ಮಾಟಗಾತಿ ಆಗುತ್ತೀನಿ ಅಂತ ತೀರ್ಮಾನ ಮಾಡೋದು ಇದಕ್ಕೆ. ಇನ್ನೊಮ್ಮೆ ಹೀಗಾಗಬಾರದು ಅಂತ. ಮಕ್ಕಳ ಪುಸ್ತಕದಲ್ಲಿ ಇಷ್ಟು ಸಿಟ್ಟನ್ನು ಇಷ್ಟು ತಣ್ಣಗೆ ಬರೆದದ್ದನ್ನು ನಾನು ಬೇರೆ ಕಡೆ ಓದಿಲ್ಲ. ಬಾನಾಮತಿ ಅಂತ ಹೆಣ್ಣುಮಕ್ಕಳನ್ನು ಹೊಡೆದ ಸುದ್ದಿ ನಮ್ಮ ಪೇಪರುಗಳಲ್ಲೂ ಬರುತ್ತಲ್ಲ, ಅದನ್ನು ಓದುವಾಗ ಟಿಫನಿ ನೆನಪಾಗುತ್ತಾಳೆ.

ದೇವರ ಬಗ್ಗೆ 'ಸ್ಮಾಲ್ ಗಾಡ್ಸ್' ಅಂತ 1992ರಲ್ಲಿ ಬರೆದ. ಓಮ್ ಅನ್ನೋ ದೇವರಿಗೆ ದೊಡ್ಡ ಸಾಮ್ರಾಜ್ಯ, ದೊಡ್ಡ ಗುಡಿ, ಲಕ್ಷಾಂತರ ಜನ. ಒಂದು ದಿನ ಭೂಮಿಗೆ ಬಂದು ನೋಡಿದರೆ ತಾನೊಂದು ಪುಟ್ಟ ಆಮೆ. ಯಾಕೆಂದರೆ ಅವನನ್ನು ನಿಜವಾಗಿ ನಂಬುವವನು ಇಡೀ ರಾಜ್ಯದಲ್ಲಿ ಒಬ್ಬನೇ, ಮಠದ ತೋಟದಲ್ಲಿ ಕಲ್ಲಂಗಡಿ ಬಳ್ಳಿ ನೋಡಿಕೊಳ್ಳುವ ಓದುಬರಹ ಬಾರದ ಹುಡುಗ. ಬಾಕಿ ಎಲ್ಲರೂ ನಂಬಿರೋದು ಗುಡಿಯನ್ನು, ಅದರ ಅಧಿಕಾರಿಗಳನ್ನು, ಚಿತ್ರಹಿಂಸೆಯ ಕೋಣೆಯನ್ನು. ಸ್ಥಾವರ ಜಂಗಮದ ಮಾತು ಕೇಳುತ್ತಾ ಬೆಳೆದ ನಮಗೆ ಇದು ಒಂದೇ ಏಟಿಗೆ ಒಳಗೆ ಇಳಿಯುತ್ತೆ. ಬೇರೆ ಡಿಸ್ಕ್‌ವರ್ಲ್ಡ್ ಪುಸ್ತಕ ಯಾವುದೂ ಓದದೆ ಇದನ್ನು ಓದಬಹುದು.

2004ರ 'ಗೋಯಿಂಗ್ ಪೋಸ್ಟಲ್' ಅಂತೂ ಪೂರ್ತಿ ಒಂದು ಅಂಚೆ ಕಚೇರಿಯ ಕಥೆ. ನೇಣಿಗೆ ಹೋಗಬೇಕಿದ್ದ ಮೋಸಗಾರನೊಬ್ಬನಿಗೆ ಮುಚ್ಚಿಹೋದ ಅಂಚೆ ಇಲಾಖೆ ನಡೆಸುವ ಕೆಲಸ ಕೊಡುತ್ತಾನೆ ವೆಟಿನಾರಿ. ಕಟ್ಟಡದ ತುಂಬ ಬಟವಾಡೆ ಆಗದ ಕಾಗದದ ರಾಶಿ. ಉಳಿದ ನೌಕರರು ಇಬ್ಬರೇ, ಪ್ರಮೋಷನ್ ಸಿಗದೆ ಮುದುಕನಾದ ಜೂನಿಯರ್ ಪೋಸ್ಟ್‌ಮ್ಯಾನ್ ಒಬ್ಬ, ಗುಂಡುಪಿನ್ ಸಂಗ್ರಹಿಸುವ ಹುಡುಗ ಇನ್ನೊಬ್ಬ. ಎದುರು ಕಡೆ ಕ್ಲ್ಯಾಕ್ಸ್ ಅನ್ನೋ ಸಂಕೇತ ಗೋಪುರಗಳ ಕಂಪನಿ. ಅದನ್ನು ಕಟ್ಟಿದ ಇಂಜಿನಿಯರುಗಳಿಂದ ಲೆಕ್ಕಪತ್ರದ ಆಟ ಆಡಿ ಕಿತ್ತುಕೊಂಡವರು ರಿಪೇರಿಗೆ ದುಡ್ಡು ಬಿಚ್ಚುವುದಿಲ್ಲ, ಗೋಪುರ ಹತ್ತಿದ ಹುಡುಗರು ಬಿದ್ದು ಸಾಯುತ್ತಾರೆ. ಇಲ್ಲಿ ಸರ್ಕಾರಿ ವಿದ್ಯುತ್ ಮಂಡಳಿಯ ನೌಕರ ಮಾತಾಡುತ್ತಿದ್ದಾನೆ ಅಂತ ನನಗೆ ಬಲವಾದ ಅನುಮಾನ. ದೊಡ್ಡ ಯಂತ್ರವನ್ನು ಹತ್ತಿರದಿಂದ ನೋಡಿದವನಿಗೆ ಮಾತ್ರ ಗ್ರೀಸ್ ಹಾಕುವವನ ಬೆಲೆ ಗೊತ್ತಿರುತ್ತೆ, ಅಲ್ವಾ? ಈ ಗೋಪುರಗಳಲ್ಲಿ ಸತ್ತ ಕೆಲಸಗಾರರ ಹೆಸರನ್ನು ಸಹೋದ್ಯೋಗಿಗಳು ಸಾಲಿನ ಈ ತುದಿಯಿಂದ ಆ ತುದಿಗೆ ಕಳಿಸುತ್ತಲೇ ಇರುತ್ತಾರೆ, ಹೆಸರು ಓಡಾಡುತ್ತಿರುವವರೆಗೆ ಸಾವಿಲ್ಲ ಅಂತ. ಪ್ರಾಚೆಟ್ ಸತ್ತ ಮೇಲೆ ಪ್ರೋಗ್ರಾಮರ್ ಅಭಿಮಾನಿಗಳು ಇದೇ ಸಂಕೇತದಲ್ಲಿ ಅವನ ಹೆಸರನ್ನು ತಮ್ಮ ವೆಬ್ ಸರ್ವರುಗಳ ಕಣ್ಣಿಗೆ ಕಾಣದ ಹೆಡರುಗಳಲ್ಲಿ ಸೇರಿಸಿಬಿಟ್ಟರು.

ಇನ್ನು ಸಾವು. ಡಿಸ್ಕ್‌ವರ್ಲ್ಡಿನಲ್ಲಿ ಸಾವು ಒಂದು ಪಾತ್ರ. ಅಸ್ಥಿಪಂಜರ, ಕಪ್ಪು ನಿಲುವಂಗಿ, ಕುಡುಗೋಲು, ದೊಡ್ಡಕ್ಷರದ ಮಾತು. ಬಿಂಕಿ ಅಂತ ಒಂದು ಬಿಳಿ ಕುದುರೆ. ಬೆಕ್ಕು ಕಂಡರೆ ಪ್ರಾಣ. ಕರಿ ಊಟ ಇಷ್ಟ. ಒಬ್ಬ ಹುಡುಗನನ್ನು ಕೆಲಸ ಕಲಿಯೋಕೆ ಇಟ್ಟುಕೊಳ್ಳುತ್ತಾನೆ, ಒಂದು ಸಲ ಕೆಲಸ ಕಳೆದುಕೊಂಡು ಹಳ್ಳಿಯಲ್ಲಿ ಹುಲ್ಲು ಕೊಯ್ಯುವ ಕೂಲಿಗೂ ಹೋಗುತ್ತಾನೆ. ಅವನ ಮನೆಯಲ್ಲಿ ಪ್ರತಿಯೊಬ್ಬರ ಆಯಸ್ಸಿಗೂ ಒಂದೊಂದು ಮರಳುಗಡಿಯಾರ. ಯಮನ ಆಸ್ಥಾನ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಅಂತ ಸಿನಿಮಾ ನಾಟಕಗಳಲ್ಲಿ ನಕ್ಕ ನಮಗೆ ಈ ಪಾತ್ರ ಪರಕೀಯ ಅನಿಸೋದೇ ಇಲ್ಲ. ಒಂದು ವ್ಯತ್ಯಾಸ ಇದೆ. ನಮ್ಮ ಯಮ ತೀರ್ಪು ಕೊಡುತ್ತಾನೆ, ಇವನು ಕೊಡೋದಿಲ್ಲ. ಬರುತ್ತಾನೆ, ಮರ್ಯಾದೆಯಾಗಿ ಮಾತಾಡುತ್ತಾನೆ, ಕರೆದುಕೊಂಡು ಹೋಗುತ್ತಾನೆ. ಇನ್ನು ಹೆಚ್ಚು ದಿನ ಇಲ್ಲ ಅಂತ ಗೊತ್ತಿದ್ದ ಓದುಗರು ಪ್ರಾಚೆಟ್‌ಗೆ ಪತ್ರ ಬರೆಯುತ್ತಿದ್ದರಂತೆ, ಸಾವು ನೀವು ಬರೆದ ಹಾಗೇ ಇರಲಿ ಅಂತ. ಅಂಥ ಪತ್ರ ಬಂದಾಗ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತುಬಿಡುತ್ತೀನಿ ಅಂತ ಹೇಳಿಕೊಂಡಿದ್ದಾನೆ.

2007ರ ಡಿಸೆಂಬರಿನಲ್ಲಿ ತನಗೆ ಆಲ್‌ಜೈಮರ್ಸ್ ಇದೆ ಅಂತ ಅವನೇ ಪ್ರಕಟಿಸಿದ. ಆಗ 59 ವರ್ಷ. ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಅನ್ನೋ ಅಪರೂಪದ ಬಗೆ. ಮೆದುಳಿನ ಹಿಂಭಾಗ ಕುಗ್ಗುತ್ತಾ ಹೋಗುತ್ತೆ. ಮಾತು, ಯೋಚನೆ ಬಹಳ ಕಾಲ ಚೆನ್ನಾಗೇ ಇರುತ್ತೆ. ಕಣ್ಣು ನೋಡಿದ್ದನ್ನು ಮೆದುಳು ಹಿಡಿಯೋದಿಲ್ಲ. ಎದುರಿಗಿರುವ ವಸ್ತು ಕಾಣೋದಿಲ್ಲ, ಕೀಲಿಮಣೆಯ ಅಕ್ಷರ ಸಿಗೋದಿಲ್ಲ. ಆರು ಮಾನಿಟರ್ ಇಟ್ಟುಕೊಂಡು ಬರೆಯುತ್ತಿದ್ದವನು ಇವನು. ಆರು ಯಾಕೆ ಅಂತ ಕೇಳಿದರೆ ಎಂಟಕ್ಕೆ ಜಾಗ ಇಲ್ಲ ಅನ್ನುತ್ತಿದ್ದ. ಅಂಥವನಿಗೆ ಟೈಪ್ ಮಾಡೋಕೆ ಆಗದೆ ಹೋಯಿತು. ಆಮೇಲೆ ಸಹಾಯಕ ರಾಬ್ ವಿಲ್ಕಿನ್ಸ್‌ಗೆ ಹೇಳಿ ಬರೆಸಿದ, ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರಿಗೂ ಹೇಳಿದ. ಗದುಗಿನ ಕವಿಗೆ ವೀರನಾರಾಯಣ ಹೇಳಿಕೊಟ್ಟ ಅಂತೀವಲ್ಲ, ಇಲ್ಲಿ ಉಲ್ಟಾ, ಕಂಪ್ಯೂಟರಿಗೆ ಕವಿಯೇ ಹೇಳಬೇಕು. ಸಂಶೋಧನೆಗೆ ಅಂತ 2008ರಲ್ಲಿ 10 ಲಕ್ಷ ಡಾಲರ್ ಕೊಟ್ಟ. ಟಿವಿಯಲ್ಲಿ ಕಾಯಿಲೆಯನ್ನು ತೋರಿಸಿದ. ಕಾಯಿಲೆ ಪ್ರಕಟಿಸಿದ ಮೇಲೂ ಡಿಸ್ಕ್‌ವರ್ಲ್ಡ್ ಸರಣಿಯಲ್ಲೇ ಐದು ಪುಸ್ತಕ ಬಂತು, ಕೊನೆಯದು ಅವನು ಹೋದ ಮೇಲೆ.

ಆ ಕೊನೆಯ ಪುಸ್ತಕಗಳ ಬಗ್ಗೆ ಅಭಿಮಾನಿಗಳು ಮಾತಾಡೋಕೆ ಹಿಂಜರಿಯುತ್ತಾರೆ. ನಾನು ಹೇಳಿಬಿಡುತ್ತೀನಿ. 2013ರ 'ರೈಸಿಂಗ್ ಸ್ಟೀಮ್'ನಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ, ಉದ್ದುದ್ದ ಮಾತಾಡುತ್ತಾರೆ. ವೈಮ್ಸ್ ವೈಮ್ಸ್ ಥರ ಕೇಳಿಸೋದಿಲ್ಲ. ಬರೆದದ್ದು ಕೈಯಲ್ಲ, ಬಾಯಿ ಅಂತ ಗೊತ್ತಾಗುತ್ತೆ. ಹಾಗೇ 1994ರ 'ಇಂಟರೆಸ್ಟಿಂಗ್ ಟೈಮ್ಸ್', ಚೀನಾದಂಥ ದೇಶದ ಮೇಲಿನ ತಮಾಷೆ, ಅದನ್ನು ಏಷ್ಯಾದಲ್ಲಿ ಕೂತು ಓದಿದರೆ ಕೆಲವು ಕಡೆ ಮುಜುಗರ ಆಗುತ್ತೆ. ಬೇರೆಯವರ ಊರಿಗೆ ಹೋದಾಗ ಈ ವರದಿಗಾರನ ಕಣ್ಣು ಅಷ್ಟು ಚುರುಕಾಗಿಲ್ಲ. 41 ಪುಸ್ತಕದಲ್ಲಿ ಅಷ್ಟು ಇದ್ದೇ ಇರುತ್ತೆ.

ಸರ್ ಬಿರುದು ಬಂದದ್ದು 2009ರಲ್ಲಿ. ನೈಟ್ ಅಂದ ಮೇಲೆ ಕತ್ತಿ ಬೇಡವಾ ಅಂತ ತಾನೇ ಮಾಡಿಕೊಂಡ. ಮನೆ ಹತ್ತಿರದ ಹೊಲದಿಂದ 81 ಕೆಜಿ ಕಬ್ಬಿಣದ ಅದಿರು ಅಗೆದು ತಂದು, ಮಣ್ಣು ಹುಲ್ಲು ಕಲಸಿ ಕುಲುಮೆ ಕಟ್ಟಿ, ಅದಿರು ಕರಗಿಸಿ, ಅದಕ್ಕೆ ಉಲ್ಕೆಯ ಒಂದಷ್ಟು ಚೂರು ಬೆರೆಸಿ, ಕಮ್ಮಾರನ ಕೈಲಿ ಬಡಿಸಿದ. ಕತ್ತಿ ಇಟ್ಟುಕೊಂಡರೆ ಪೊಲೀಸರು ಏನಂತಾರೋ ಅಂತ ಅದನ್ನು ಗುಟ್ಟಾದ ಕಡೆ ಬಚ್ಚಿಟ್ಟ. ಉಲ್ಕೆ ಬೆರೆಸೋದು ಫ್ಯಾಂಟಸಿ ಲೇಖಕ, ಅದಿರನ್ನು ತೂಕ ಹಾಕೋದು ವರದಿಗಾರ.

ತನ್ನ ಸಾವನ್ನು ತಾನೇ ಆರಿಸಿಕೊಳ್ಳುವ ಹಕ್ಕು ರೋಗಿಗೆ ಬೇಕು ಅಂತ ವಾದ ಮಾಡಿದ. 2010ರಲ್ಲಿ ಬಿಬಿಸಿಯ ಡಿಂಬಲ್‌ಬಿ ಉಪನ್ಯಾಸ ಕೊಡಬೇಕಿತ್ತು, ಪೂರ್ತಿ ಓದೋಕೆ ಕಾಯಿಲೆ ಬಿಡಲಿಲ್ಲ. ಬರೆದದ್ದನ್ನು ನಟ ಟೋನಿ ರಾಬಿನ್ಸನ್ ಓದಿದ, ಇವನು ಪಕ್ಕದಲ್ಲಿ ಕೂತಿದ್ದ. ಮರುವರ್ಷ ಸ್ವಿಟ್ಜರ್‌ಲೆಂಡಿಗೆ ಹೋಗಿ, ಅಲ್ಲಿ ಸಾವು ಆರಿಸಿಕೊಂಡವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ. ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಯಿತು. ಕೊನೆಗೆ ಅವನಿಗೆ ಆ ದಾರಿ ಬೇಕಾಗಲಿಲ್ಲ. 2015ರ ಮಾರ್ಚ್ 12ರಂದು ಮನೆಯಲ್ಲೇ ತೀರಿಕೊಂಡ, ಬೆಕ್ಕು ಹಾಸಿಗೆ ಮೇಲೆ ಮಲಗಿತ್ತು. 66 ವರ್ಷ. ಅವನ ಟ್ವಿಟರ್ ಖಾತೆಯಲ್ಲಿ ದೊಡ್ಡಕ್ಷರದಲ್ಲಿ ಒಂದು ಸಾಲು ಬಂತು, ಸಾವು ಬಂದು ಅವನನ್ನು ಹೆಸರು ಹಿಡಿದು ಕರೆದ ಹಾಗೆ.

ಅರ್ಧ ಬರೆದ ಕಾದಂಬರಿಗಳು ಹಾರ್ಡ್ ಡ್ರೈವಿನಲ್ಲಿ ಉಳಿದಿದ್ದವು. ಅವು ಯಾರ ಕೈಗೂ ಸಿಗಬಾರದು, ರೋಡ್ ರೋಲರ್ ಹತ್ತಿಸಿ ಪುಡಿ ಮಾಡಿ ಅಂತ ಹೇಳಿ ಹೋಗಿದ್ದ. 2017ರ ಆಗಸ್ಟಿನಲ್ಲಿ ಡಾರ್ಸೆಟ್‌ನ ಸ್ಟೀಮ್ ಜಾತ್ರೆಯಲ್ಲಿ ಲಾರ್ಡ್ ಜೆರಿಕೋ ಅನ್ನೋ ಹಳೇ ಹಬೆಯ ರೋಲರ್ ಹತ್ತಿಸಿದರು. ರೋಲರ್ ಹಲವು ಸಲ ಹೋಯಿತು, ಡ್ರೈವ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಜಲ್ಲಿ ಕ್ರಷರಿಗೆ ಹಾಕಬೇಕಾಯಿತು. ಅದರ ಚೂರುಗಳನ್ನು ಸಾಲ್ಸ್‌ಬರಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ಸತ್ತ ಲೇಖಕರ ಕಪಾಟಿನಿಂದ ಹಳೇ ಟಿಪ್ಪಣಿ ತೆಗೆದು ಹೊಸ ಪುಸ್ತಕ ಅಂತ ಮಾರುವುದನ್ನು ನೋಡಿದ್ದೀವಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ.

ಓದಬೇಕು ಅನಿಸಿದರೆ ಮೊದಲನೇ ಪುಸ್ತಕದಿಂದ ಶುರು ಮಾಡಬೇಡಿ. ಪೊಲೀಸ್ ಕಥೆ ಇಷ್ಟ ಆದರೆ 'ಗಾರ್ಡ್ಸ್! ಗಾರ್ಡ್ಸ್!', ದೇವರು ಧರ್ಮದ ವಿಚಾರ ಆದರೆ 'ಸ್ಮಾಲ್ ಗಾಡ್ಸ್', ಮನೆಯಲ್ಲಿ ಓದುವ ಮಕ್ಕಳಿದ್ದರೆ ಟಿಫನಿ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಮೊಬೈಲಿನಲ್ಲಿ ಓದಿದರೆ ಅಡಿಟಿಪ್ಪಣಿ ನೋಡೋಕೆ ಆ ಕಡೆ ಈ ಕಡೆ ಹಾರಬೇಕು, ಅರ್ಧ ಮಜಾ ಆ ಟಿಪ್ಪಣಿಗಳಲ್ಲೇ ಇರೋದರಿಂದ ಕಾಗದದ ಪುಸ್ತಕವೇ ವಾಸಿ. ಇನ್ನೊಂದು ಸಂಗತಿ, ಹೆಚ್ಚಿನ ಡಿಸ್ಕ್‌ವರ್ಲ್ಡ್ ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ. ಇಲ್ಲಿಗೆ ನಿಲ್ಲಿಸೋಣ ಅನ್ನೋಕೆ ಜಾಗ ಸಿಗೋದಿಲ್ಲ. ಬೆಳಿಗ್ಗೆ ಬೇಗ ಏಳಬೇಕು ಅಂತಿದ್ದರೆ 'ಗೋಯಿಂಗ್ ಪೋಸ್ಟಲ್' ತಗೊಳ್ಳಿ, ಅದರಲ್ಲಿ ಅಧ್ಯಾಯಗಳಿವೆ.